ತುಕ್ಕು ಹಿಡಿದ ಹಳೇ ಜೀಪಿಗೆ ಮನೆಯಲ್ಲೇ ಮರುಜೀವ: ಮೊದಲ ಸಲ ಕೈಹಾಕುವವರಿಗೆ ಸಮಗ್ರ ಮಾರ್ಗದರ್ಶಿ

ಮನೆಯಲ್ಲಿ ಶುರುವಾದ ಜೀಪಿನ ಕೆಲಸ ಅರ್ಧಕ್ಕೆ ನಿಲ್ಲಲು ತುಕ್ಕಿಗಿಂತ ಸ್ಪ್ಯಾನರೇ ಹೆಚ್ಚು ಕಾರಣ. ಮೊದಲ ಹುರುಪಿನಲ್ಲಿ ಎರಡೇ ವಾರಕ್ಕೆ ಇಡೀ ಗಾಡಿ ಬಿಚ್ಚಿಹಾಕುತ್ತಾರೆ. ಆರು ತಿಂಗಳಾಗುವಷ್ಟರಲ್ಲಿ ಯಾವ ಬೋಲ್ಟು ಎಲ್ಲಿಯದು, ಯಾವ ಶಿಮ್ಮು (ಸಂದಿಗೆ ಇಡುವ ತೆಳು ಬಿಲ್ಲೆ) ಎಡದ್ದು, ಯಾವುದು ಬಲದ್ದು ಎಂಬುದೆಲ್ಲ ಮರೆತುಹೋಗಿ ಡಬ್ಬಗಳ ರಾಶಿಯಷ್ಟೇ ಉಳಿಯುತ್ತದೆ. ಹಾಗಾಗಿ ಇಲ್ಲಿರುವ ಅಷ್ಟೂ ಕ್ರಮಕ್ಕೆ ಒಂದೇ ನಿಯಮ: ಒಂದು ಭಾಗ ಬಿಚ್ಚಿ, ಸರಿಮಾಡಿ, ವಾಪಸ್ ಕೂರಿಸಿ, ಆಮೇಲೆ ಮುಂದಿನದಕ್ಕೆ ಹೋಗಿ. ದಿನದ ಕೆಲಸ ಮುಗಿದಾಗ ಗಾಡಿ ಸಾಧ್ಯವಾದಷ್ಟೂ ತನ್ನ ನಾಲ್ಕು ಚಕ್ರದ ಮೇಲೆ ತಳ್ಳಿದರೆ ಉರುಳುವಂತಿರಲಿ. ಬಾಡಿಯನ್ನು ಪೂರ್ತಿ ಎತ್ತಿಟ್ಟು ಬರಿ ಚಾಸಿಯಿಂದ ಕಟ್ಟಿಕೊಂಡು ಬರುವ ಕ್ರಮವೂ ಇದೆ. ಅದು ನಿಮ್ಮ ಎರಡನೇ ಗಾಡಿಗೆ ಇರಲಿ.

ಈ ವಿವರಗಳು ಏಣಿಯಂಥ ಚಾಸಿ, ಲೀಫ್ ಸ್ಪ್ರಿಂಗ್, ಡ್ರಮ್ ಬ್ರೇಕ್, ಕಾರ್ಬ್ಯುರೇಟರ್ ಇರುವ ಗಾಡಿಗಳಿಗೆ, ಅಂದರೆ ವಿಲ್ಲಿಸ್ ಜೀಪು, ಲ್ಯಾಂಡ್ ರೋವರ್ ಸೀರೀಸ್, ಟೊಯೋಟಾ ಎಫ್‌ಜೆ40 ಮತ್ತು ಅವುಗಳ ಸಂಬಂಧಿಗಳಿಗೆ ಹೊಂದುತ್ತವೆ. ನಿಮ್ಮ ಗಾಡಿಯ ಮೂಲ ವರ್ಕ್‌ಶಾಪ್ ಕೈಪಿಡಿಯನ್ನು ಬಿಡಿಭಾಗಗಳಿಗಿಂತ ಮೊದಲು ಸಂಪಾದಿಸಿ. ಟಾರ್ಕ್ (ಬೋಲ್ಟು ಬಿಗಿಯುವ ಬಲ), ಗ್ಯಾಪು, ಆಯಿಲ್ ಪ್ರಮಾಣದಲ್ಲಿ ಕೊನೆಯ ಮಾತು ಅದರದೇ.

ಮೊದಲು ಸುತ್ತಿಗೆ, ಆಮೇಲೆ ನಿರ್ಧಾರ

ಗಾಡಿಯನ್ನು ಅಡಿಯಿಂದ ಚೆನ್ನಾಗಿ ತೊಳೆಯಿರಿ. ಹಳೇ ಗ್ರೀಸು ಮತ್ತು ಮಣ್ಣು ಸೇರಿ ಗಟ್ಟಿಯಾದ ಪದರ ತೂತುಗಳನ್ನು ಮುಚ್ಚಿಟ್ಟಿರುತ್ತದೆ. ಅದನ್ನು ಚೂಪು ಕೆತ್ತುಗತ್ತಿಯಿಂದ ಕೆರೆದು ತೆಗೆದು, ಒಣಗಿದ ಮೇಲೆ 300 ಗ್ರಾಮಿನ ಸಣ್ಣ ಸುತ್ತಿಗೆ ಹಿಡಿದು ಚಾಸಿಯುದ್ದಕ್ಕೂ ಗೇಣಿಗೊಂದರಂತೆ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಗಂಟೆಯಂತೆ ಟಣ್ ಎನ್ನುತ್ತದೆ, ಸುತ್ತಿಗೆ ಪುಟಿದು ಹಿಂದಕ್ಕೆ ಬರುತ್ತದೆ. ಒಳಗಿನಿಂದ ಕೊಳೆತ ಜಾಗದಲ್ಲಿ ದಪ್ ಎಂಬ ಸತ್ತ ಸದ್ದು ಬಂದು, ಸುತ್ತಿಗೆ ಅಲ್ಲೇ ಕೂರುತ್ತದೆ. ಒಳಗೆ ತುಕ್ಕಿನ ಚಕ್ಕೆಗಳು ಉದುರಿದ ಸರಸರ ಸದ್ದೂ ಕೇಳಿಸಬಹುದು. ಅಂಥಲ್ಲಿ ಹಳೇ ಸ್ಕ್ರೂಡ್ರೈವರ್‌ನಿಂದ ಬಲವಾಗಿ ಚುಚ್ಚಿ. ಒಳಕ್ಕೆ ಹೋದರೆ ಹೋಗಲಿ, ಅದು ಹೇಗೂ ತೂತಾಗಿಯೇ ಇತ್ತು. ಚಾಕ್‌ಪೀಸಿನಿಂದ ವೃತ್ತ ಹಾಕಿ ಮುಂದೆ ಸಾಗಿ.

ಎಲ್ಲಿ ಹುಡುಕಬೇಕೆಂಬುದು ಗಾಡಿಯ ಜಾತಿಯ ಮೇಲೆ ಹೋಗುತ್ತದೆ. ಎಲ್ಲದರಲ್ಲೂ ಸ್ಪ್ರಿಂಗನ್ನು ಚಾಸಿಗೆ ತಗುಲಿಸುವ ಹ್ಯಾಂಗರ್‌ಗಳ ಸುತ್ತ, ಬಾಡಿ ಕೂರುವ ಬ್ರ್ಯಾಕೆಟ್‌ಗಳ ಕೆಳಗೆ, ಹಿಂದಿನ ಅಡ್ಡಪಟ್ಟಿಯಲ್ಲಿ ನೀರು ಮತ್ತು ಮಣ್ಣು ನಿಲ್ಲುತ್ತವೆ. ವಿಲ್ಲಿಸ್‌ನ ಯುದ್ಧಕಾಲದ ಮಾದರಿಗಳಲ್ಲಿ ನೆಲದ ತಗಡಿನಡಿ ಟೋಪಿಯಾಕಾರದ ಪಟ್ಟಿಯೊಳಗೆ ಮರದ ತುಂಡುಗಳನ್ನು ಸೇರಿಸಿದ್ದರು. ಆ ಮರ ನೀರು ಕುಡಿದು ವರ್ಷಗಟ್ಟಲೆ ತೇವವಾಗಿಯೇ ಇರುತ್ತದೆ, ತಗಡು ಅಲ್ಲಿಂದಲೇ ಕೊಳೆಯುತ್ತದೆ. ಲ್ಯಾಂಡ್ ರೋವರ್‌ ಸೀರೀಸ್‌ನ ಹೊರಮೈ ಅಲ್ಯೂಮಿನಿಯಂ ಮಿಶ್ರಲೋಹ. 1948ರಲ್ಲಿ ಅದು ಬಂದಾಗ ಉಕ್ಕಿನ ಅಭಾವವಿತ್ತು. ಆದರೆ ಅದರ ಚಾಸಿ ಮತ್ತು ಎಂಜಿನ್ ಹಿಂದಿನ ಅಡ್ಡಗೋಡೆ (ಬಲ್ಕ್‌ಹೆಡ್) ಉಕ್ಕಿನವೇ. ಹೊರಗಿನಿಂದ ಫಳಫಳ ಎನ್ನುವ ಲ್ಯಾಂಡ್ ರೋವರ್‌ನಲ್ಲಿ ಬಾಗಿಲು ಕಂಬದ ಬುಡವನ್ನೂ ಕಾಲಿಡುವ ತಗಡನ್ನೂ ನೋಡದೆ ಬೆಲೆ ಮಾತಾಡಬೇಡಿ. ಎಫ್‌ಜೆ40ಯಲ್ಲಿ ಹಿಂಬದಿಯ ಕೆಳ ಅಂಚು ಮತ್ತು ಚಾವಣಿಯ ನೀರುಗಾಲುವೆ ಮೊದಲು ಹೋಗುತ್ತವೆ.

ಇನ್ನೊಂದು ಪರೀಕ್ಷೆ ಚಾಸಿ ಸೊಟ್ಟಗಾಗಿದೆಯೇ ಎಂಬುದು. ಮುಂದಿನ ಎಡ ಸ್ಪ್ರಿಂಗ್ ಪಿನ್ನಿನ ಬಿಂದುವಿನಿಂದ ಹಿಂದಿನ ಬಲದ ಅದೇ ಬಿಂದುವಿಗೆ ದಾರ ಕಟ್ಟಿ ಅಳೆಯಿರಿ, ಮತ್ತೆ ಎದುರು ಮೂಲೆಗಳಿಗೆ. ಎರಡು ಅಳತೆಗಳ ವ್ಯತ್ಯಾಸ 6 ಮಿ.ಮೀ. ದಾಟಿದರೆ ಚಾಸಿ ಹೊಡೆತ ತಿಂದಿದೆ ಎಂದು ಅರ್ಥ. ಅದನ್ನು ಮನೆಯಲ್ಲಿ ಎಳೆದು ನೇರಮಾಡಲು ಆಗುವುದಿಲ್ಲ.

ಮೊದಲ ಸಲದವರು ಕೈಹಾಕಬಾರದ ಗಾಡಿ ಯಾವುದು? ಚಾಸಿಯ ಮುಖ್ಯ ಉದ್ದ ತೊಲೆಗಳು ಮೂರ್ನಾಲ್ಕು ಕಡೆ ತೂತಾದದ್ದು, ಚಾಸಿ ಸೊಟ್ಟಗಾದದ್ದು, ಮತ್ತು ಬೇರೆಯವರು ಬಿಚ್ಚಿ ಡಬ್ಬಕ್ಕೆ ತುಂಬಿಟ್ಟದ್ದು. ಕೊನೆಯದು ಅಗ್ಗಕ್ಕೆ ಸಿಗುತ್ತದೆ, ಅಗ್ಗವಾಗಿರುವುದಕ್ಕೆ ಕಾರಣವಿದೆ.

ಜಾಗ ಮತ್ತು ಸಾಮಾನು

ಗಾಡಿಯ ಸುತ್ತ ಎಲ್ಲ ಕಡೆ ಒಂದೊಂದು ಮೀಟರ್ ಬಿಟ್ಟು ಗಟ್ಟಿ ಕಾಂಕ್ರೀಟ್ ನೆಲ, ಮೇಲೆ ಸೂರು ಬೇಕು. ಮಣ್ಣಿನ ನೆಲದಲ್ಲಿ ಜ್ಯಾಕ್ ನಿಲ್ಲಿಸಬೇಡಿ. ಜ್ಯಾಕಿನಿಂದ ಎತ್ತುವುದು ಮಾತ್ರ. ಭಾರ ಹೊರಬೇಕಾದ್ದು ತಲಾ 3 ಟನ್ ತಾಳುವ ನಾಲ್ಕು ಜ್ಯಾಕ್ ಸ್ಟ್ಯಾಂಡ್. ಇಟ್ಟಿಗೆ ಮತ್ತು ಕಾಂಕ್ರೀಟ್ ಬ್ಲಾಕು ಯಾವ ಮುನ್ಸೂಚನೆಯೂ ಇಲ್ಲದೆ ಪುಡಿಯಾಗುತ್ತವೆ. ಅವನ್ನು ನಂಬಿ ಗಾಡಿಯಡಿ ತಲೆ ಇಡುವ ಮಾತೇ ಬೇಡ.

ಸಾಮಾನಿನ ಪಟ್ಟಿ ದೊಡ್ಡದೇನಲ್ಲ. ಸಾಕೆಟ್ ಸೆಟ್, ರಿಂಗ್ ಸ್ಪ್ಯಾನರ್, ಟಾರ್ಕ್ ರೆಂಚ್, 115 ಮಿ.ಮೀ. ಆಂಗಲ್ ಗ್ರೈಂಡರ್, ಡ್ರಿಲ್, ಗ್ಯಾಸ್ ಟಾರ್ಚ್, ಮಲ್ಟಿಮೀಟರ್, ಕಂಪ್ರೆಷನ್ ಗೇಜ್, ಫೀಲರ್ ಗೇಜ್ ಸಾಕು. ಸಾಕೆಟ್ ಯಾವ ಅಳತೆಯದು ಎಂಬುದು ಮುಖ್ಯ. ಜಪಾನಿ ಗಾಡಿಗಳಿಗೆ ಮೆಟ್ರಿಕ್, ಅಮೆರಿಕದವಕ್ಕೆ ಇಂಚಿನ ಯುಎನ್‌ಎಫ್-ಯುಎನ್‌ಸಿ, ಹಳೇ ಬ್ರಿಟಿಷ್ ಗಾಡಿಗಳಿಗೆ ಬಿಎಸ್‌ಎಫ್ ಮತ್ತು ವಿಟ್‌ವರ್ತ್. ಇವೆಲ್ಲ ಬೋಲ್ಟಿನ ಅಳತೆಯ ಬೇರೆ ಬೇರೆ ಪದ್ಧತಿಗಳು. ಅರ್ಧ ಇಂಚಿನ ವಿಟ್‌ವರ್ತ್ ಬೋಲ್ಟಿಗೆ ಇಂಚಿಗೆ 12 ಮರೆ (ಬೋಲ್ಟಿನ ಮೈಮೇಲಿನ ಸುರುಳಿ ಗೀರು), ಯುಎನ್‌ಸಿಗೆ 13. ಒಂದರ ನಟ್ಟು ಇನ್ನೊಂದಕ್ಕೆ ಎರಡು ಸುತ್ತು ಸಲೀಸಾಗಿ ಹತ್ತುತ್ತದೆ, ಮೂರನೆಯದಕ್ಕೆ ಬಿಗಿಯಾಗುತ್ತದೆ. ಅದನ್ನು ತುಕ್ಕು ಎಂದುಕೊಂಡು ಒತ್ತಿ ತಿರುಗಿಸಿದವರು ಮರೆಯನ್ನೇ ಕಿತ್ತುಹಾಕುತ್ತಾರೆ.

ಪ್ರತಿ ಬೋಲ್ಟು ಬಿಚ್ಚುವ ಮೊದಲು ಎರಡು ಫೋಟೊ ತೆಗೆಯಿರಿ: ದೂರದಿಂದ ಒಂದು, ಹತ್ತಿರದಿಂದ ಒಂದು. ಬೋಲ್ಟುಗಳನ್ನು ಜಿಪ್ ಕವರಿಗೆ ಹಾಕಿ ಒಳಗೊಂದು ಚೀಟಿ ಇಡಿ. ಹೊರಗೆ ಮಾರ್ಕರಿನಿಂದ ಬರೆದದ್ದನ್ನು ಪೆಟ್ರೋಲ್ ಒಂದೇ ಹನಿಯಲ್ಲಿ ಅಳಿಸಿಬಿಡುತ್ತದೆ.

ಹಟಮಾರಿ ಬೋಲ್ಟುಗಳು

ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಹಿಡಿಯುತ್ತದೆ. ಹಾಗಾಗಿ ಮರೆಗಳ ನಡುವೆ ಉಬ್ಬಿ ಬೋಲ್ಟನ್ನು ಒಳಗಿನಿಂದಲೇ ಕಚ್ಚಿ ಹಿಡಿದಿರುತ್ತದೆ. ಮೊದಲು ಕಾಣುವ ಮರೆಗಳನ್ನು ವೈರ್ ಬ್ರಷ್‌ನಿಂದ ತಿಕ್ಕಿ, ಪೆನಟ್ರೇಟಿಂಗ್ ಆಯಿಲ್ ಬಿಡಿ. ಮೂರು ದಿನ ದಿನಕ್ಕೆರಡು ಸಲ ಬಿಡುತ್ತಾ ಪ್ರತಿ ಸಲ ಬೋಲ್ಟಿನ ತಲೆಗೆ ನಾಲ್ಕು ಪೆಟ್ಟು ಕೊಡಿ. ಆ ಕಂಪನಕ್ಕೆ ಎಣ್ಣೆ ಒಳಗಿಳಿಯುತ್ತದೆ. ಆರು ಮೂಲೆಯ ಸಾಕೆಟ್ಟನ್ನೇ ಬಳಸಿ, ಹನ್ನೆರಡು ಮೂಲೆಯದು ತುಕ್ಕು ತಿಂದ ತಲೆಯನ್ನು ದುಂಡಗೆ ಮಾಡುತ್ತದೆ. ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ಕಟ್ಟು ಬಿಟ್ಟ ಮೇಲೆ ಅರ್ಧ ಸುತ್ತು ಹಿಂದೆ, ಕಾಲು ಸುತ್ತು ಮುಂದೆ, ಹೀಗೆ ತುರಿಯನ್ನು ಹೊರಹಾಕುತ್ತಾ ತೆಗೆಯಿರಿ.

ಬಗ್ಗದಿದ್ದರೆ ಬೆಂಕಿ. ಬಿಸಿ ಮಾಡಬೇಕಾದ್ದು ನಟ್ಟನ್ನು, ಬೋಲ್ಟನ್ನಲ್ಲ. ಹತ್ತಿರ ಪೆಟ್ರೋಲ್ ಪೈಪು, ಬ್ರೇಕ್ ಹೋಸು, ರಬ್ಬರ್ ಬುಷ್, ಎಣ್ಣೆ ಒರೆಸಿದ ಬಟ್ಟೆ ಏನಾದರೂ ಇದ್ದರೆ ಬೆಂಕಿ ಬೇಡ. ನಟ್ ಸ್ಪ್ಲಿಟರ್‌ನಿಂದ ಸೀಳಿ. ಒಳಗೇ ಮುರಿದ ಬೋಲ್ಟಿನ ಮೊಂಡಿಯ ಮೇಲೆ ಒಂದು ನಟ್ಟು ಇಟ್ಟು ನಡುವೆ ವೆಲ್ಡ್ ಮಾಡಿ, ಕೆಂಪು ಆರಿದ ಮೇಲೆ ಸ್ಪ್ಯಾನರ್ ಹಾಕಿದರೆ ಬಹಳ ಸಲ ಸುಲಭವಾಗಿ ಬರುತ್ತದೆ.

ಒಂದು ಎಚ್ಚರಿಕೆ: ಯುದ್ಧಕಾಲದ ವಿಲ್ಲಿಸ್‌ನಂಥ ಕೆಲವು ಗಾಡಿಗಳಲ್ಲಿ ಎಡಗಡೆಯ ಚಕ್ರದ ನಟ್ಟುಗಳಿಗೆ ಎಡ ಮರೆ ಇರುತ್ತದೆ. ಅವು ಬಿಚ್ಚಿಕೊಳ್ಳುವುದು ಗಡಿಯಾರದ ಮುಳ್ಳು ತಿರುಗುವ ಕಡೆಗೆ. ಪೈಪು ಸೇರಿಸಿ ಉಲ್ಟಾ ದಿಕ್ಕಿಗೆ ಜಗ್ಗಿದವರು ಸ್ಟಡ್ಡನ್ನೇ ತುಂಡರಿಸಿದ್ದಾರೆ. ಅದೇ ಗಾಡಿಗಳಲ್ಲಿ ಎರಡು ತುಂಡು ಸೇರಿಸಿ ಬೋಲ್ಟು ಹಾಕಿದ ರಿಮ್ಮೂ ಇರುತ್ತದೆ. ಗಾಳಿ ಪೂರ್ತಿ ಇಳಿಸದೆ, ವಾಲ್ವ್ ಕೋರ್ ಹೊರಗೆ ತೆಗೆಯದೆ ಆ ಬೋಲ್ಟುಗಳನ್ನು ಮುಟ್ಟಿದರೆ ರಿಮ್ಮು ಸಿಡಿದು ಜೀವ ತೆಗೆಯುತ್ತದೆ.

ಎಂಜಿನ್ ಬದುಕಿದೆಯೇ?

ದುಡ್ಡು ಸುರಿಯುವ ಮೊದಲು ಇದು ಗೊತ್ತಾಗಬೇಕು. ಸೆಲ್ಫ್ ಹೊಡೆಯಬೇಡಿ. ಒಳಗೆ ಪಿಸ್ಟನ್ ರಿಂಗ್‌ಗಳು ಸಿಲಿಂಡರಿಗೆ ಅಂಟಿದ್ದರೆ ಸೆಲ್ಫ್‌ನ ಬಲಕ್ಕೆ ರಿಂಗೇ ಮುರಿಯಬಹುದು. ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಪ್ರತಿ ಸಿಲಿಂಡರಿಗೆ ಎರಡು ದೊಡ್ಡ ಚಮಚ ತೆಳು ಎಂಜಿನ್ ಆಯಿಲ್ ಬಿಡಿ, ಒಂದು ದಿನ ಬಿಟ್ಟು ಕ್ರ್ಯಾಂಕ್ ಹ್ಯಾಂಡಲಿನಿಂದ ಕೈಯಲ್ಲಿ ತಿರುಗಿಸಿ. ತಿರುಗದಿದ್ದರೆ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್) ಮತ್ತು ಅಸಿಟೋನ್ ಸಮಪಾಲು ಬೆರೆಸಿ ಬಿಡಿ. ಇದು ಬೇಗ ಹೊತ್ತಿಕೊಳ್ಳುವ ಮಿಶ್ರಣ, ಹತ್ತಿರ ಕಿಡಿ ಬೇಡ. ಒಂದು ವಾರ ದಿನವೂ ತುಂಬುತ್ತಾ, ಕ್ರ್ಯಾಂಕ್ ನಟ್ಟಿಗೆ ಉದ್ದ ಬಾರ್ ಹಾಕಿ ಎರಡೂ ದಿಕ್ಕಿಗೆ ಮೆಲ್ಲಗೆ ತೂಗಿ. ಮೂಗು ಹಿಡಿದು ಎತ್ತು ಎಬ್ಬಿಸಿದಂತೆ ಜಗ್ಗಬೇಡಿ. ಕೂದಲಿನಷ್ಟು ಅಲುಗಿದರೂ ಗೆದ್ದಿರಿ, ಉಳಿದದ್ದು ತಾಳ್ಮೆಯ ಕೆಲಸ. ಎರಡು ವಾರಕ್ಕೂ ಜಪ್ಪಯ್ಯ ಎನ್ನದಿದ್ದರೆ ಹೆಡ್ ತೆಗೆಯದೆ ಬೇರೆ ದಾರಿಯಿಲ್ಲ.

ತಿರುಗಿದ ಮೇಲೆ ಹಳೇ ಆಯಿಲ್ ಇಳಿಸಿ. ಹಾಲು ಹಾಕಿದ ಕಾಫಿಯ ಬಣ್ಣವಿದ್ದರೆ ನೀರು ಸೇರಿದೆ. ಹೆಡ್ ಗ್ಯಾಸ್ಕೆಟ್ ಅಥವಾ ಬ್ಲಾಕಿನ ಬಿರುಕು ನೋಡಬೇಕು. ಹೊಸ ಫಿಲ್ಟರು, 20ಡಬ್ಲ್ಯು-50 ಮಿನರಲ್ ಆಯಿಲ್ ಅಥವಾ ಕೈಪಿಡಿ ಹೇಳಿದ ದರ್ಜೆಯದು ಹಾಕಿ. ಈಗ ಪ್ಲಗ್‌ಗಳಿಲ್ಲದೆ ಸೆಲ್ಫ್ ಹೊಡೆದು ಆಯಿಲ್ ಒತ್ತಡದ ಮುಳ್ಳು ಏಳುವ ತನಕ ತಿರುಗಿಸಿ. ಒಂದು ಸಲಕ್ಕೆ 10 ಸೆಕೆಂಡು, ನಡುವೆ ಒಂದು ನಿಮಿಷ ಬಿಡುವು.

ಕಂಪ್ರೆಷನ್ (ಪಿಸ್ಟನ್ ಸಿಲಿಂಡರಿನಲ್ಲಿ ಹುಟ್ಟಿಸುವ ಒತ್ತಡ) ನೋಡುವಾಗ ಎಲ್ಲ ಪ್ಲಗ್ ಹೊರಗಿರಲಿ, ಇಗ್ನಿಷನ್ ಕಾಯಿಲಿನ ವೈರ್ ಕಳಚಿರಲಿ, ಆಕ್ಸಲರೇಟರ್ ಪೂರ್ತಿ ಒತ್ತಿರಲಿ. ಕಡಿಮೆ ಕಂಪ್ರೆಷನ್ನಿನ ಹಳೇ ಪೆಟ್ರೋಲ್ ಎಂಜಿನ್‌ಗಳಲ್ಲಿ 90ರಿಂದ 130 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಬಂದರೆ ಸರಿ. ಅದಕ್ಕಿಂತ ಮುಖ್ಯ, ಸಿಲಿಂಡರುಗಳ ನಡುವೆ ಶೇ. 15ಕ್ಕಿಂತ ಹೆಚ್ಚು ಅಂತರ ಇರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗು ಸವೆದಿದೆ, ಏರದಿದ್ದರೆ ವಾಲ್ವ್ ಕೂರುತ್ತಿಲ್ಲ. ಅಕ್ಕಪಕ್ಕದ ಎರಡೂ ಒಂದೇ ಥರ ಕಡಿಮೆಯಾದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆ ಹೆಚ್ಚು. ವರ್ಷಗಟ್ಟಲೆ ನಿಂತ ಎಂಜಿನ್ ಮೊದಲ ದಿನ ಕಡಿಮೆ ತೋರಿಸಿ, ಅರ್ಧ ಗಂಟೆ ಓಡಿದ ಮೇಲೆ ಏರುವುದುಂಟು. ಮೊದಲ ಅಂಕಿ ನೋಡಿಯೇ ಎಂಜಿನ್ ಬಿಚ್ಚಲು ಹೊರಡಬೇಡಿ.

ಇನ್ನು ಕಿಡಿ. ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳ ಮೇಲೆ ವರ್ಷಗಳ ಆಕ್ಸೈಡು ಕೂತಿರುತ್ತದೆ. ನಯವಾದ ಎಮೆರಿಯಿಂದ ಉಜ್ಜಿ ಗ್ಯಾಪು ಹೊಂದಿಸಿ: ವಿಲ್ಲಿಸ್‌ಗೆ ಅರ್ಧ ಮಿ.ಮೀ., ಲ್ಯಾಂಡ್ ರೋವರ್ ಸೀರೀಸ್‌ಗೆ 0.38 ಮಿ.ಮೀ. ಆಸುಪಾಸು. ಗಾಡಿಯ ಟ್ಯಾಂಕನ್ನು ಈಗ ನಂಬಬೇಡಿ. ಹಳೇ ಪೆಟ್ರೋಲ್ ಅಂಟು ವಾರ್ನಿಷ್ ಆಗಿರುತ್ತದೆ, ಜೊತೆಗೆ ತುಕ್ಕಿನ ಪುಡಿ. ಕಾರ್ಬ್ಯುರೇಟರ್ ಬಿಚ್ಚಿ ಜೆಟ್‌ಗಳನ್ನು ಕ್ಲೀನರ್ ಮತ್ತು ಗಾಳಿಯಿಂದ ಶುಚಿ ಮಾಡಿ (ತಂತಿ ತೂರಿಸಿದರೆ ತೂತಿನ ಅಳತೆ ಕೆಡುತ್ತದೆ), ಫಿಲ್ಟರ್ ಇಟ್ಟು ಬೇರೆ ಸಣ್ಣ ಕ್ಯಾನಿನಿಂದ ಪೆಟ್ರೋಲ್ ಕೊಡಿ. ರೇಡಿಯೇಟರಿಗೆ ನೀರು ತುಂಬಿ ಹತ್ತು ನಿಮಿಷ ಓಡಿಸಿ, ಒತ್ತಡ ಮತ್ತು ಬಿಸಿ ಗಮನಿಸಿ. ಗಾಡಿ ನಿಂತಲ್ಲೇ ಇರಲಿ. ಬ್ರೇಕ್ ಇಲ್ಲದ ಗಾಡಿಯನ್ನು ಗೇಟಿನ ತನಕವೂ ಓಡಿಸಬೇಡಿ.

ತುಕ್ಕು ತೆಗೆಯುವ ದಾರಿಗಳು

ಚಾಸಿಗೆ ಯಂತ್ರ, ಬಿಡಿಭಾಗಕ್ಕೆ ತೊಟ್ಟಿ. ಇದು ಸುಲಭದ ಹಂಚಿಕೆ.

ಚಾಸಿಯ ದಪ್ಪ ಚಕ್ಕೆಗಳನ್ನು ಸುತ್ತಿಗೆ ಮತ್ತು ಉಳಿಯಿಂದ ಉದುರಿಸಿ, ಆಮೇಲೆ ಗ್ರೈಂಡರಿಗೆ ಹೆಣೆದ ವೈರ್ ಕಪ್ ಹಾಕಿ. ಅದರ ತಂತಿಗಳು ಬಾಣದಂತೆ ಹಾರುತ್ತವೆ. ಬರಿ ಕನ್ನಡಕ ಸಾಲದು, ಮುಖ ಮುಚ್ಚುವ ಶೀಲ್ಡ್, ದಪ್ಪ ಅಂಗಿ, ಧೂಳಿನ ಮಾಸ್ಕ್ ಬೇಕು. ಹಳೇ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚಾದ್ದರಿಂದ ಬಣ್ಣವನ್ನು ಒಣಗಿದ್ದಾಗ ಉಜ್ಜದೆ ಒದ್ದೆ ಮಾಡಿ ಉಜ್ಜಿ, ಮಕ್ಕಳನ್ನು ದೂರವಿಡಿ. ಮರಳು ಹೊಡೆತ ಚಾಸಿಗೆ ಬಲು ಒಳ್ಳೆಯದು. ಆದರೆ ಒಂದು ಮಿ.ಮೀ. ದಪ್ಪದ ಬಾನೆಟ್ಟಿಗೋ ಬಾಗಿಲಿಗೋ ಹೊಡೆಸಿದರೆ ತಗಡು ಹಪ್ಪಳದಂತೆ ಸುರುಟುತ್ತದೆ, ಅದನ್ನು ಮತ್ತೆ ಮಟ್ಟಸ ಮಾಡುವುದು ಕಷ್ಟ.

ಬ್ರ್ಯಾಕೆಟ್, ಕೀಲು, ಹಿಡಿಕೆಯಂಥ ಬಿಡಿಭಾಗಗಳಿಗೆ ಎಲೆಕ್ಟ್ರಾಲಿಸಿಸ್‌ನಷ್ಟು ಅಗ್ಗದ, ಅಚ್ಚುಕಟ್ಟಾದ ವಿಧಾನ ಇನ್ನೊಂದಿಲ್ಲ. 20 ಲೀಟರ್ ಪ್ಲಾಸ್ಟಿಕ್ ಬಕೆಟ್ಟಿಗೆ ನೀರು ತುಂಬಿ ಐದಾರು ದೊಡ್ಡ ಚಮಚ ವಾಷಿಂಗ್ ಸೋಡಾ ಕರಗಿಸಿ. ಉಪ್ಪು ಹಾಕಿದರೆ ಕ್ಲೋರಿನ್ ಅನಿಲ ಏಳುತ್ತದೆ, ಆದ್ದರಿಂದ ಬೇಡ. ಬಕೆಟ್ಟಿನ ಒಳ ಅಂಚಿಗೆ ನಾಲ್ಕು ಕಡೆ ಮಾಮೂಲಿ ಕಬ್ಬಿಣದ ಸರಳು ನಿಲ್ಲಿಸಿ, ನಾಲ್ಕನ್ನೂ ತಂತಿಯಿಂದ ಸೇರಿಸಿ 12 ವೋಲ್ಟ್ ಚಾರ್ಜರಿನ ಪಾಸಿಟಿವ್ ಕೊಡಿ. ನಡುವೆ ತುಕ್ಕಿನ ಭಾಗವನ್ನು ಸರಳುಗಳಿಗೆ ತಾಗದಂತೆ ತೂಗುಹಾಕಿ ನೆಗೆಟಿವ್ ಕೊಡಿ. ಅದಲುಬದಲಾದರೆ ನಿಮ್ಮ ಭಾಗವೇ ಕರಗುತ್ತದೆ. ಸ್ವಿಚ್ ಹಾಕಿದ ಕೂಡಲೇ ಭಾಗದ ಮೈಯಿಂದ ಸಣ್ಣ ಗುಳ್ಳೆಗಳು ಏಳುತ್ತವೆ, ಒಂದು ಗಂಟೆಯಲ್ಲಿ ಮೇಲೆ ಕಂದು ನೊರೆ ಕಟ್ಟುತ್ತದೆ. 12ರಿಂದ 24 ಗಂಟೆಗೆ ತುಕ್ಕು ಕಪ್ಪು ಮೆತ್ತನೆಯ ಪದರವಾಗಿ, ಬ್ರಷ್‌ಗೆ ಉದುರುತ್ತದೆ. ಗುಳ್ಳೆ ಬಾರದಿದ್ದರೆ ಹೆಚ್ಚಾಗಿ ಎರಡು ಕಾರಣ: ತಂತಿ ಕಟ್ಟಿದ ಜಾಗದಲ್ಲಿ ಬಣ್ಣವೋ ತುಕ್ಕೋ ಇದೆ, ಇಲ್ಲವೇ ಚಾರ್ಜರ್ ಎಲೆಕ್ಟ್ರಾನಿಕ್ ಜಾತಿಯದು, ಬ್ಯಾಟರಿ ಕಾಣದೆ ಕರೆಂಟು ಬಿಡುತ್ತಿಲ್ಲ.

ಇದರಲ್ಲಿ ಕೆಲವು ನಿಷೇಧಗಳಿವೆ. ಸ್ಟೇನ್‌ಲೆಸ್ ಸ್ಟೀಲ್ ಸರಳು ಬಳಸಿದರೆ ನೀರಿಗೆ ವಿಷಕಾರಿ ಕ್ರೋಮಿಯಂ ಸೇರುತ್ತದೆ. ಗುಳ್ಳೆಯಲ್ಲಿರುವುದು ಹೈಡ್ರೋಜನ್, ಆದ್ದರಿಂದ ಮುಚ್ಚಿದ ಕೋಣೆಯಲ್ಲಿ ಬೇಡ. ಭಾಗ ಮುಟ್ಟುವ ಮೊದಲು ಸ್ವಿಚ್ ಆರಿಸಿ. ಸ್ಪ್ರಿಂಗ್, ಸ್ಟೀರಿಂಗ್ ಭಾಗ, ಗಡಸು ಬೋಲ್ಟುಗಳನ್ನು ಇದರಲ್ಲಿ ಅದ್ದಬೇಡಿ, ಹೈಡ್ರೋಜನ್ ಒಳಸೇರಿ ಅವು ಪೆಡಸಾಗಿ ಮುರಿಯಬಹುದು. ಅಲ್ಯೂಮಿನಿಯಂ ಅಂತೂ ಸೋಡಾ ನೀರಿನಲ್ಲಿ ತಾನೇ ತಿಂದುಹೋಗುತ್ತದೆ.

ಕರೆಂಟಿನ ಗೊಡವೆ ಬೇಡ ಎನ್ನುವವರಿಗೆ ಸಿಟ್ರಿಕ್ ಆಮ್ಲ: ಲೀಟರ್ ನೀರಿಗೆ 50 ಗ್ರಾಂ, ಒಂದು ರಾತ್ರಿ. ಹೊರತೆಗೆದ ಮೇಲೆ ಸೋಡಾ ನೀರಿನಲ್ಲಿ ಅದ್ದಿ, ತೊಳೆದು, ಹೇರ್ ಡ್ರೈಯರ್‌ನಿಂದ ಒಣಗಿಸಿ. ಬರಿಮೈ ಉಕ್ಕು ತೇವದ ಗಾಳಿಯಲ್ಲಿ ಗಂಟೆಯೊಳಗೆ ಹಳದಿಗಟ್ಟುತ್ತದೆ, ಹಾಗಾಗಿ ಪ್ರೈಮರ್ ಸಿದ್ಧ ಮಾಡಿಟ್ಟುಕೊಂಡೇ ತೊಟ್ಟಿಯಿಂದ ತೆಗೆಯಿರಿ. ಫಾಸ್ಪಾರಿಕ್ ಆಮ್ಲದ ರಸ್ಟ್ ಕನ್ವರ್ಟರ್ ಹಚ್ಚಿದ್ದರೆ ಡಬ್ಬದ ಮೇಲೆ ಹೇಳಿದಂತೆ ತೊಳೆದೇ ಮುಂದುವರಿಯಿರಿ. ಉಳಿದ ಆಮ್ಲದ ಮೇಲೆ ಎಪಾಕ್ಸಿ ಪ್ರೈಮರ್ ಹಿಡಿಯದೆ ಹಾಳೆಯಂತೆ ಸುಲಿದುಬರುತ್ತದೆ. ಸಡಿಲ ಚಕ್ಕೆಯ ಮೇಲೆ ಕನ್ವರ್ಟರ್ ಬಳಿಯುವುದು ವ್ಯರ್ಥ. ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಶೆಡ್ಡಿನಲ್ಲಿರುವ ಎಲ್ಲ ಸಾಮಾನಿಗೂ ಹೊಸ ತುಕ್ಕು ತರುತ್ತದೆ, ಅದನ್ನು ಮರೆತುಬಿಡಿ.

ತೂತು ಮುಚ್ಚುವುದು

ಇಲ್ಲಿ ಒಂದು ಗೆರೆ ಎಳೆದುಕೊಳ್ಳಿ. ನೆಲದ ತಗಡು, ಮಡ್‌ಗಾರ್ಡು, ಸೀಟಿನ ಪೆಟ್ಟಿಗೆಯಲ್ಲಿ ನೀವು ವೆಲ್ಡಿಂಗ್ ಕಲಿಯಬಹುದು. ಚಾಸಿ, ಸ್ಪ್ರಿಂಗ್ ಹ್ಯಾಂಗರ್, ಸ್ಟೀರಿಂಗ್ ಬ್ರ್ಯಾಕೆಟ್‌ಗಳಲ್ಲಿ ಕಲಿಯಬಾರದು. ಅವನ್ನು ಶುಚಿ ಮಾಡಿ, ತೇಪೆ ಕತ್ತರಿಸಿ ಹೊಂದಿಸಿಡುವ ತನಕ ನಿಮ್ಮ ಕೆಲಸ. ಬೆಸುಗೆ ನುರಿತ ವೆಲ್ಡರ್‌ನದು.

ಮಿಗ್ ಎಂಬ ಜಾತಿಯ ವೆಲ್ಡಿಂಗ್ ಯಂತ್ರ, 0.6 ಮಿ.ಮೀ. ತಂತಿ, ಆರ್ಗಾನ್-ಕಾರ್ಬನ್ ಡೈಆಕ್ಸೈಡ್ ಮಿಶ್ರ ಅನಿಲ ತೆಳು ತಗಡಿಗೆ ಹೊಂದುತ್ತವೆ. ಕೊಳೆತ ಜಾಗವನ್ನು ಎಲ್ಲ ಕಡೆ ಹೊಳೆಯುವ ಉಕ್ಕು ಸಿಗುವ ತನಕ ಕತ್ತರಿಸಿ. ತುಕ್ಕಿನ ಅಂಚಿಗೆ ಬೆಸೆಯಲು ಹೋದರೆ ತೂತು ದೊಡ್ಡದಾಗುತ್ತಲೇ ಹೋಗುತ್ತದೆ, ಅದು ಯಂತ್ರದ ತಪ್ಪಲ್ಲ. ರಟ್ಟಿನಲ್ಲಿ ಅಚ್ಚು ತೆಗೆದು ಅಷ್ಟೇ ದಪ್ಪದ ತಗಡು ಕತ್ತರಿಸಿ, ಅಂಚುಗಳ ನಡುವೆ ಒಂದು ಮಿ.ಮೀ. ಸಂದು ಬಿಡಿ. ಎದುರು ಬದುರು ಚುಕ್ಕೆ ಹಾಕಿ, ಆಮೇಲೆ ಎರಡು ಸೆಂ.ಮೀ. ಬೆಸುಗೆ ಇಲ್ಲೊಂದು ಅಲ್ಲೊಂದು. ಕೈ ಇಡುವಷ್ಟು ಆರುವ ತನಕ ಪಕ್ಕದ್ದಕ್ಕೆ ಹೋಗಬೇಡಿ. ಉದ್ದಕ್ಕೆ ಒಂದೇ ಸಮ ಎಳೆದ ಬೆಸುಗೆ ಇಡೀ ತಗಡನ್ನು ಅಲೆಅಲೆಯಾಗಿಸುತ್ತದೆ.

ಚಾಸಿಯ ತೇಪೆಯ ತುದಿ ತೊಲೆಗೆ ಅಡ್ಡಲಾಗಿ ನೇರ ಗೆರೆಯಂತಿರಬಾರದು, ಓರೆಯಾಗಿ ಅಥವಾ ವಜ್ರದಾಕಾರವಾಗಿರಬೇಕು. ನೇರ ಗೆರೆಯಲ್ಲಿ ಒತ್ತಡವೆಲ್ಲ ಒಂದೇ ಕಡೆ ಕೂಡಿ, ಬೆಸುಗೆಯ ಪಕ್ಕದಲ್ಲೇ ಚಾಸಿ ಬಿರುಕು ಬಿಡುತ್ತದೆ. ನೆಲದ ತಗಡು ಪೂರ್ತಿ ಕತ್ತರಿಸುವುದಿದ್ದರೆ ಬಾಗಿಲು ಕಂಡಿಗಳಿಗೆ ಮೊದಲು ಚೌಕ ಪೈಪು ಅಡ್ಡ ಬೆಸೆಯಿರಿ, ಇಲ್ಲದಿದ್ದರೆ ಬಾಡಿ ಹರಡಿಕೊಂಡು ಬಾಗಿಲು ಮತ್ತೆ ಕೂರುವುದಿಲ್ಲ.

ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ಕಳಚಿ, ಪೆಟ್ರೋಲ್ ಟ್ಯಾಂಕು ಗಾಡಿಯಿಂದ ಇಳಿಸಿ ದೂರ ಇಡಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಲ್ಲಿರಲಿ. ಟ್ಯಾಂಕನ್ನೇ ವೆಲ್ಡ್ ಮಾಡುವ ಯೋಚನೆ ಬೇಡ. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯ. ಬೆಸೆಯುವ ಜಾಗವನ್ನು ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್‌ನಿಂದ ಒರೆಸಬೇಡಿ, ಶಾಖಕ್ಕೆ ಅದರಿಂದ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಕಲಾಯಿ ತಗಡಾದರೆ ಬೆಸೆಯುವ ಅಂಚಿನ ಸತುವನ್ನು ಉಜ್ಜಿ ತೆಗೆಯಿರಿ. ಆ ಬಿಳಿ ಹೊಗೆ ಕುಡಿದವರಿಗೆ ಆ ರಾತ್ರಿ ಚಳಿಜ್ವರ ಖಾತ್ರಿ.

ಪುಟ್ಟಿ ಮೆತ್ತಿ ತೂತು ಮುಚ್ಚುವವರ ಬಗ್ಗೆ ಹೇಳುವುದಾದರೆ, ಮೇಲೆ ಥಳುಕು ಒಳಗೆ ಹುಳುಕು. ಪುಟ್ಟಿ ಇರುವುದು ಗಟ್ಟಿ ತಗಡಿನ ಸಣ್ಣ ತಗ್ಗು ತುಂಬಲು, 3 ಮಿ.ಮೀ. ಒಳಗೆ.

ಒಂದು ಆಕ್ಸಲ್, ಆಮೇಲೆ ಇನ್ನೊಂದು

ಚಾಸಿ ಗಟ್ಟಿಯಾದ ಮೇಲೆ ಹಿಂದಿನ ಆಕ್ಸಲ್‌ನಿಂದ ಶುರುಮಾಡಿ. ಸ್ಪ್ರಿಂಗಿನ ಪಟ್ಟಿಗಳನ್ನು ನಡುವಿನ ಬೋಲ್ಟು ಬಿಚ್ಚಿ ಬೇರ್ಪಡಿಸುವಾಗ ಎರಡೂ ಕಡೆ ಸಿ-ಕ್ಲಾಂಪ್ ಹಾಕಿ ಮೆಲ್ಲಗೆ ಸಡಿಲಿಸಿ. ಬಿರುಕು ಬಿಟ್ಟ ಪಟ್ಟಿಗೆ ವೆಲ್ಡಿಂಗ್ ಇಲ್ಲ, ಬದಲಿ ಮಾತ್ರ. ಯು-ಬೋಲ್ಟುಗಳನ್ನು ಮತ್ತೆ ಬಳಸಬೇಡಿ, ಒಮ್ಮೆ ಬಿಗಿದಾಗಲೇ ಅವು ಹಿಗ್ಗಿರುತ್ತವೆ. ಸ್ಪ್ರಿಂಗ್ ತುದಿಯ ಕೊಂಡಿಯಲ್ಲಿ (ಶ್ಯಾಕಲ್) ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ಗಾಡಿಯ ಭಾರ ಚಕ್ರದ ಮೇಲೆ ಕೂತ ಮೇಲೆಯೇ ಪೂರ್ತಿ ಬಿಗಿಯಿರಿ. ತೂಗಾಡುತ್ತಿರುವಾಗ ಬಿಗಿದರೆ ಗಾಡಿ ಇಳಿಸಿದೊಡನೆ ರಬ್ಬರ್ ತಿರುಚಿಕೊಂಡು ಕೆಲವೇ ತಿಂಗಳಲ್ಲಿ ಹರಿಯುತ್ತದೆ.

ಬ್ರೇಕಿನ ಡ್ರಮ್ ತೆಗೆದ ಕೂಡಲೇ ಗಾಳಿ ಊದಿ ಧೂಳು ಹಾರಿಸುವುದು ಬಹುಜನರ ಅಭ್ಯಾಸ. ಆ ಕಾಲದ ಲೈನಿಂಗ್‌ನಲ್ಲಿ ಆಸ್‌ಬೆಸ್ಟಾಸ್ ಇರುತ್ತದೆ. ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಕವರಿನಲ್ಲಿ ಕಟ್ಟಿಬಿಡಿ. ವೀಲ್ ಸಿಲಿಂಡರ್, ಮಾಸ್ಟರ್ ಸಿಲಿಂಡರ್, ರಬ್ಬರ್ ಹೋಸು, ಪೈಪು, ಇವಿಷ್ಟನ್ನೂ ಹೊಸದು ಹಾಕಿ. ಹಳೇ ಸಿಲಿಂಡರಿನ ಒಳಗೋಡೆಯ ಕುಳಿಗಳನ್ನು ಉಜ್ಜಿ ನಯ ಮಾಡಿದಂತೆ ಕಂಡರೂ ಹೊಸ ವಾಷರನ್ನು ಅವು ಕೊರೆಯುತ್ತವೆ, ಬೇಗನೆ ಮತ್ತೆ ಸೋರುತ್ತದೆ. ಇಂಥ ಹಳೇ ಗಾಡಿಗಳಲ್ಲಿ ಬಹುಪಾಲಿಗೆ ಒಂದೇ ಸರ್ಕ್ಯೂಟ್. ಒಂದು ಕಡೆ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ದುಡ್ಡು ಉಳಿಸುವ ಜಾಗ ಇದಲ್ಲ. ಪೈಪಿಗೆ 4.75 ಮಿ.ಮೀ. ತಾಮ್ರ-ನಿಕಲ್ ಮಿಶ್ರಲೋಹ ಒಳ್ಳೆಯದು, ಕೈಯಲ್ಲೇ ಬಗ್ಗುತ್ತದೆ, ತುಕ್ಕು ಹಿಡಿಯುವುದಿಲ್ಲ. ತುದಿ ಅರಳಿಸುವ ಮೊದಲು ನಟ್ಟು ತೂರಿಸಿಕೊಳ್ಳಿ. ಇದನ್ನು ಮರೆಯದವರು ಇನ್ನೂ ಹುಟ್ಟಿಲ್ಲ.

ಡಾಟ್ 4 ದರ್ಜೆಯ ಬ್ರೇಕ್ ದ್ರವ ತುಂಬಿ, ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಗಾಳಿ ತೆಗೆಯುತ್ತಾ ಬನ್ನಿ. ಸಿಲಿಕೋನಿನ ಡಾಟ್ 5 ಅನ್ನು ಇದಕ್ಕೆ ಬೆರೆಸಬೇಡಿ. ಗಾಳಿ ಎಷ್ಟು ತೆಗೆದರೂ ಪೆಡಲ್ ಮೆತ್ತಗೇ ಇದ್ದರೆ ಮೊದಲು ಡ್ರಮ್ಮಿಗೆ ಒತ್ತುವ ಬ್ರೇಕ್ ಶೂಗಳ ಹೊಂದಾಣಿಕೆ ನೋಡಿ: ಚಕ್ರ ತಡೆಯುವ ತನಕ ಬಿಗಿದು, ಸಲೀಸಾಗಿ ತಿರುಗುವಷ್ಟು ಹಿಂದಕ್ಕೆ. ಶೂ ದೂರ ಕೂತಿದ್ದರೆ ಪೆಡಲ್ ನೆಲ ಮುಟ್ಟುತ್ತದೆ, ಗಾಳಿಯ ತಪ್ಪು ಎಂದು ಲೀಟರುಗಟ್ಟಲೆ ದ್ರವ ಚೆಲ್ಲುತ್ತಾರೆ.

ಡ್ರಮ್ ತೆಗೆದಿರುವಾಗಲೇ ಚಕ್ರದ ಬೇರಿಂಗ್ ತೊಳೆದು ನೋಡಿ. ನೀಲಿ ಛಾಯೆ, ಗುಳಿ, ಗೀರು ಇದ್ದರೆ ಬದಲಿಸಿ. ಹೊಸ ಗ್ರೀಸನ್ನು ಅಂಗೈಯಲ್ಲಿಟ್ಟು ಬೇರಿಂಗಿನ ಅಗಲದ ಅಂಚನ್ನು ಒತ್ತುತ್ತಾ, ಆಚೆ ಕಡೆಯಿಂದ ಹೊರಬರುವ ತನಕ ತುಂಬಿ. ಹಬ್ ತಿರುಗಿಸುತ್ತಲೇ ನಟ್ಟು ಬಿಗಿದು, ಸುಮಾರು ಆರನೇ ಒಂದು ಸುತ್ತು ಸಡಿಲಿಸಿ ಲಾಕ್ ಮಾಡಿ.

ಹಿತ್ತಾಳೆಯ ಸಿಂಕ್ರೊ (ಗೇರು ಸಲೀಸಾಗಿ ಬೀಳಿಸುವ ಉಂಗುರ) ಇರುವ ಗೇರ್‌ಬಾಕ್ಸಿಗೆ ಜಿಎಲ್-4 ದರ್ಜೆಯ ಆಯಿಲ್ ಸುರಕ್ಷಿತ. ಜಿಎಲ್-5ರಲ್ಲಿರುವ ಗಂಧಕದ ಸೇರ್ಪಡೆ ಹಳದಿ ಲೋಹವನ್ನು ತಿನ್ನಬಹುದು. ಡಿಫರೆನ್ಷಿಯಲ್‌ಗೆ ಕೈಪಿಡಿ ಬೇರೆ ಹೇಳದಿದ್ದರೆ 80ಡಬ್ಲ್ಯು-90 ಜಿಎಲ್-5. ಹಳೆಯದನ್ನು ಇಳಿಸುವ ಮುನ್ನ ತುಂಬುವ ಪ್ಲಗ್ ಬಿಚ್ಚುತ್ತದೆಯೇ ನೋಡಿಕೊಳ್ಳಿ. ಕೆಳಗಿನದು ಬಿಚ್ಚಿ, ಮೇಲಿನದು ಬಾರದೆ ಹೋದರೆ ಒಣ ಗೇರ್‌ಬಾಕ್ಸು ಇಟ್ಟುಕೊಂಡು ಕೂರಬೇಕಾಗುತ್ತದೆ.

ಪೆಟ್ರೋಲ್, ನೀರು, ಕರೆಂಟು

ಟ್ಯಾಂಕಿನೊಳಗೆ ಸಿಟ್ರಿಕ್ ಆಮ್ಲದ ದ್ರಾವಣ ಮತ್ತು ಒಂದು ಹಿಡಿ ನಟ್ಟುಗಳನ್ನು ಹಾಕಿ ಕುಲುಕಿ ತೊಳೆಯಿರಿ, ನಟ್ಟುಗಳನ್ನು ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ಈಗಿನ ಪೆಟ್ರೋಲಿನ ಎಥನಾಲ್ ಹಳೇ ರಬ್ಬರನ್ನು ಮೆತ್ತಗೆ ಮಾಡುತ್ತದೆ, ಆದ್ದರಿಂದ ಪಂಪಿನ ಡಯಾಫ್ರಂ ಮತ್ತು ಹೋಸುಗಳೆಲ್ಲ ಎಥನಾಲ್ ತಾಳುವ ಹೊಸವೇ ಆಗಲಿ. ರೇಡಿಯೇಟರನ್ನು ತಲೆಕೆಳಗು ಮಾಡಿ ನೀರು ಬಿಟ್ಟು ತೊಳೆಯಿರಿ. ಥರ್ಮೋಸ್ಟಾಟ್, ಹೋಸು ಬದಲಿಸಿ. ಎಂಜಿನ್ ಬ್ಲಾಕಿನ ಬದಿಯ ತಟ್ಟೆಯಂಥ ಕೋರ್ ಪ್ಲಗ್‌ಗಳನ್ನು ಚುಚ್ಚಿ ನೋಡಿ.

ಬಟ್ಟೆ ಸುತ್ತಿದ ಹಳೇ ವೈರುಗಳಿಗೆ ಟೇಪು ಸುತ್ತಿ ದಿನ ದೂಡಬೇಡಿ, ವೈರುಗಳ ಕಟ್ಟನ್ನೇ (ಹಾರ್ನೆಸ್) ಪೂರ್ತಿ ಬದಲಿಸಿ. ಆರಂಭದ ಲ್ಯಾಂಡ್ ರೋವರ್‌ಗಳಲ್ಲಿ ಚಾಸಿಗೆ ಹೋಗುವುದು ಬ್ಯಾಟರಿಯ ಪಾಸಿಟಿವ್. ಕೈಪಿಡಿ ನೋಡದೆ ಬ್ಯಾಟರಿ ಜೋಡಿಸಬೇಡಿ. 6 ವೋಲ್ಟಿನ ಗಾಡಿಗೆ 12 ವೋಲ್ಟಿನ ತೆಳು ಕೇಬಲ್ ಹಾಕಿದರೆ ಸೆಲ್ಫ್ ಉಬ್ಬಸ ಬಂದಂತೆ ತಿರುಗುತ್ತದೆ. ಅಷ್ಟೇ ಕೆಲಸಕ್ಕೆ ಅಲ್ಲಿ ಇಮ್ಮಡಿ ಕರೆಂಟು ಹರಿಯುವುದರಿಂದ ದಪ್ಪ ಕೇಬಲ್ಲೇ ಬೇಕು. ಲೈಟು ಮಂಕಾಗಿದ್ದರೆ ಬಲ್ಬಿಗಿಂತ ಮುಂಚೆ ಅರ್ತಿಂಗ್ ನೋಡಿ. ಬಣ್ಣ ಹೊಡೆದ ಚಾಸಿಗೆ ಬಿಗಿದ ಅರ್ತಿಂಗ್ ಬೋಲ್ಟಿನಿಂದ ಕರೆಂಟು ಹರಿಯುವುದಿಲ್ಲ, ಅಲ್ಲಿ ಉಕ್ಕು ಕಾಣುವಷ್ಟು ಉಜ್ಜಬೇಕು.

ಬಣ್ಣ

ಬರಿ ಉಕ್ಕಿನ ಮೇಲೆ ಮೊದಲು ಎರಡು ಕೋಟು ಎಪಾಕ್ಸಿ ಪ್ರೈಮರ್. ಮಾಮೂಲಿ ಪ್ರೈಮರ್ ನೀರನ್ನು ಒಳಗೆ ಬಿಡುತ್ತದೆ. ಅದನ್ನಷ್ಟೇ ಬಳಿದು ಮಳೆಗಾಲ ಕಳೆದರೆ ಅಡಿಯಲ್ಲಿ ತುಕ್ಕು ಮತ್ತೆ ತೆವಳಿರುತ್ತದೆ. ಎಪಾಕ್ಸಿಯ ಮೇಲೆ ಪುಟ್ಟಿ, ತಗಡು ಸೇರುವ ಸಂದುಗಳಿಗೆ ಸೀಮ್ ಸೀಲರ್, 180 ನಂಬರಿನ ಉಜ್ಜುಕಾಗದದಲ್ಲಿ ಉಜ್ಜಿ ಫಿಲ್ಲರ್ ಪ್ರೈಮರ್, 320ರಿಂದ 600ರ ತನಕ ವಾಟರ್ ಪೇಪರ್. ಅಲ್ಯೂಮಿನಿಯಂ ತಗಡು ಉಕ್ಕಿಗೆ ತಾಗುವಲ್ಲಿ ತೇವ ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಎರಡರ ನಡುವೆ ತೆಳು ರಬ್ಬರ್ ಪಟ್ಟಿ ಇಡಿ.

ಎರಡು ಘಟಕದ ಬಣ್ಣಗಳ ಗಟ್ಟಿಕಾರಕದಲ್ಲಿ ಐಸೋಸಯನೇಟ್ ಇರುತ್ತದೆ. ಅದನ್ನು ಸ್ಪ್ರೇ ಮಾಡಲು ಹೊರಗಿನ ಶುದ್ಧ ಗಾಳಿ ಪೂರೈಸುವ ಮಾಸ್ಕ್ ಬೇಕು. ಮನೆಯಲ್ಲಿ ಅದಿಲ್ಲದವರಿಗೆ ಒಂದೇ ಘಟಕದ ಎನಾಮೆಲ್ ಸಾಕು. ಫೋಮ್ ರೋಲರಿನಿಂದ ತೆಳುವಾಗಿ ನಾಲ್ಕೈದು ಕೋಟು, ನಡುನಡುವೆ 600ರಲ್ಲಿ ಹಗುರ ಉಜ್ಜು. ಮೈದಾನಕ್ಕೂ ಕೆಸರಿಗೂ ಹುಟ್ಟಿದ ಗಾಡಿಗೆ ಕನ್ನಡಿಯಂಥ ಹೊಳಪು ಹೊಂದುವುದೂ ಇಲ್ಲ. ಗೀರಾದಲ್ಲಿ ಬ್ರಷ್ ಹಿಡಿದು ಮುಚ್ಚಬಹುದು ಎಂಬುದು ಇದರ ಲಾಭ.

ಹೊರಗಿನ ಬಣ್ಣಕ್ಕಿಂತ ಒಳಗಿನ ಮೇಣ ಮುಖ್ಯ. ಪೆಟ್ಟಿಗೆಯಾಕಾರದ ಚಾಸಿಯೊಳಗೆ ಉದ್ದ ನಳಿಕೆಯಿಂದ ಕ್ಯಾವಿಟಿ ವ್ಯಾಕ್ಸ್ ಸಿಂಪಡಿಸಿ, ಎಲ್ಲ ನೀರು ಇಳಿಯುವ ತೂತುಗಳಿಂದ ಅದು ತೊಟ್ಟಿಕ್ಕುವ ತನಕ. ಆ ತೂತುಗಳು ಬಣ್ಣ ಅಥವಾ ಸೀಲರ್‌ನಿಂದ ಮುಚ್ಚಿಹೋಗಿದ್ದರೆ ತಂತಿಯಿಂದ ಬಿಡಿಸಿ.

ಮೊದಲ ಓಡಾಟ

ಟಯರು ಹೊಸದರಂತೆ ಕಂಡರೂ ಬದಿಯಲ್ಲಿರುವ ನಾಲ್ಕಂಕಿ ಓದಿ: 1419 ಎಂದರೆ 2019ರ 14ನೇ ವಾರ ತಯಾರಾದದ್ದು. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದು, ಎಸೆಯಿರಿ. ನೋಂದಣಿ, ವಿಮೆ, ಫಿಟ್ನೆಸ್ ಸರಿಯಿಲ್ಲದ ಗಾಡಿಯನ್ನು ಖಾಸಗಿ ಜಾಗದಲ್ಲೇ ಪರೀಕ್ಷಿಸಿ.

ನಡೆಯುವ ವೇಗದಲ್ಲಿ ಹತ್ತು ಸಲ ಬ್ರೇಕ್ ಒತ್ತಿ. ಒಂದು ಕಡೆಗೆ ಎಳೆದರೆ ಎದುರು ಚಕ್ರದ ಶೂ ಸಡಿಲವಿದೆ, ಅಥವಾ ಲೈನಿಂಗಿಗೆ ಗ್ರೀಸು ತಾಗಿದೆ. ಆಮೇಲೆ ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ನಾಲ್ಕೂ ಹಬ್ಬಿನ ಹತ್ತಿರ ಕೈ ಒಯ್ಯಿರಿ: ಒಂದು ಮಾತ್ರ ಸುಡುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿಯುತ್ತಿದೆ ಅಥವಾ ಬೇರಿಂಗ್ ಬಿಗಿ. ಫೋರ್-ವೀಲ್ ಗೇರನ್ನು ಒಣ ಟಾರು ರಸ್ತೆಯಲ್ಲಿ ಪರೀಕ್ಷಿಸಬೇಡಿ. ಈ ಗಾಡಿಗಳಲ್ಲಿ ನಡುವಿನ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಹೋಗಬೇಕಾಗಿ, ಗೇರುಗಳು ಬಿಗಿದುಕೊಂಡು ಲಿವರ್ ಹಿಂದಕ್ಕೆ ಬರುವುದಿಲ್ಲ. ಸಡಿಲ ಮಣ್ಣಿನಲ್ಲಿ ಹಾಕಿ ನೋಡಿ. ಬಿಗಿದಿದ್ದರೆ ಕೆಲವು ಮೀಟರ್ ನೇರ ಹಿಂದಕ್ಕೆ ಓಡಿಸಿದರೆ ಬಿಡುತ್ತದೆ.

ಮೊದಲ 80 ಕಿಲೋಮೀಟರಿಗೆ ಚಕ್ರದ ನಟ್ಟುಗಳನ್ನು, 500ಕ್ಕೆ ಯು-ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೆ ಬಿಗಿಯಿರಿ; ಹೊಸ ಬಣ್ಣದ ಪದರ ಒತ್ತಿ ತೆಳುವಾದಾಗ ಅವು ಸಡಿಲಗೊಳ್ಳುತ್ತವೆ. ಎಂಜಿನ್ ಆಯಿಲನ್ನೂ ಅದೇ 500ಕ್ಕೆ ಇಳಿಸಿ, ಬಟ್ಟೆಯಲ್ಲಿ ಸೋಸಿ, ತಳದಲ್ಲಿ ಲೋಹದ ಮಿನುಗು ಏನಾದರೂ ಉಳಿಯುತ್ತದೆಯೇ ಎಂದು ಬಿಸಿಲಿಗೆ ಹಿಡಿದು ನೋಡಿ.